ಚಮಚದ ಕ್ಲಾಸು

ಅರ್ಜಿ ತಾತ ಬರೆದ ಅರ್ಜಿಯೊಂದು ತಿರಸ್ಕೃತವಾಗಿ ಮರಳಿದ್ದು ಯಾರ ನೆನಪಿನಲ್ಲೂ ಇರಲಿಲ್ಲ. ಇದು ಅವರು ತಾವಾಗಿ ಕೊಚ್ಚಿಕೊಳ್ಳುತ್ತಿದ್ದ ಮಾತಲ್ಲ. ಹಳೆಯ ಊರಿನ ಕಚೇರಿಯ ಮೆಟ್ಟಿಲ ಪಕ್ಕದಲ್ಲಿ ಮಡಚುವ ಮೇಜು ಹಾಕಿಕೊಂಡು ಮೂವತ್ತೆಂಟು ವರ್ಷ ಕುಳಿತಿದ್ದ ಅವರನ್ನು ಕುರಿತು ಒಳಗಿನ ಗುಮಾಸ್ತರೇ ಆಡುತ್ತಿದ್ದ ಮಾತು. ನಲ್ಲಿಯಲ್ಲಿ ನೀರು ಬಾರದವರು, ಜನ್ಮದಿನಾಂಕ ತಪ್ಪಾದವರು, ಗಂಡನ ಪಿಂಚಣಿ ನಿಂತುಹೋದವರು ಅವರ ಮುಂದೆ ಬಂದು ಕುಕ್ಕರಿಸುತ್ತಿದ್ದರು. ತಾತ ಕನ್ನಡಕವನ್ನು ಮೂಗಿನ ತುದಿಗಿಳಿಸಿ, "ಅಳೋದು ಆಮೇಲೆ. ಮೊದಲಿಂದ ಹೇಳಿ" ಎನ್ನುತ್ತಿದ್ದರು. ತಲೆಬುಡವಿಲ್ಲದ ಆ ಅಳಲು ಅವರ ಕೈಯಲ್ಲಿ ಮೂರೇ ಪ್ಯಾರಾಗಳ ಇಂಗ್ಲಿಷಾಗಿ ಇಳಿಯುತ್ತಿತ್ತು: ಮೊದಲನೆಯದರಲ್ಲಿ ವಿನಯ, ಎರಡನೆಯದರಲ್ಲಿ ವಿಷಯ, ಮೂರನೆಯದರಲ್ಲಿ, ಓದಿದ ಅಧಿಕಾರಿಗೆ ಕೂತ ಕುರ್ಚಿ ತುಸು ಚುಚ್ಚುವಂಥ ಒಂದು ಉಪಮೆ. ಕೊನೆಗೆ, ಸಹಿ ಬಾರದವರ ಹೆಬ್ಬೆರಳನ್ನು ತಗಡಿನ ಡಬ್ಬಿಯೊಳಗಿನ ಶಾಯಿಯ ಮೆತ್ತೆಗೊತ್ತಿಸಿ, ಕಾಗದದ ಮೂಲೆಗೊತ್ತಿಸಿ, "ಹೋಗಿ, ಆಗುತ್ತೆ" ಎನ್ನುತ್ತಿದ್ದರು. ಆಗುತ್ತಿತ್ತು.

ಆದರೆ ಅದೇ ಇಂಗ್ಲಿಷಿನಲ್ಲಿ ಯಾರಾದರೂ ನೀರು ಬೇಕೇ ಎಂದು ಕೇಳಿದರೆ ತಾತ ಕೈಸನ್ನೆಯಲ್ಲೇ ಉತ್ತರಿಸುತ್ತಿದ್ದರು. ಆ ಭಾಷೆ ಅವರ ಬೆರಳುಗಳಲ್ಲಿತ್ತು. ನಾಲಿಗೆಗೆ ಎಂದೂ ಏರಿರಲಿಲ್ಲ. ಇದನ್ನು ಅವರು ಕೊರತೆಯೆಂದು ಎಣಿಸಿದವರಲ್ಲ. ಮಾತು ಯಾರು ಬೇಕಾದರೂ ಆಡುತ್ತಾರೆ, ಬರೆಯುವವರು ಎಷ್ಟು ಜನ?

ಮಗನ ಕೆಲಸದ ದೆಸೆಯಿಂದ ಸಂಸಾರ ಈ ಊರಿಗೆ ಬಂದು ಏಳು ತಿಂಗಳಾಗಿತ್ತು. ಮಗ ಲಿಫ್ಟ್ ರಿಪೇರಿಯವನು. ದಿನವಿಡೀ ದೊಡ್ಡ ಕಟ್ಟಡಗಳಲ್ಲಿ ಮೇಲೆ ಕೆಳಗೆ ಓಡಾಡಿ ಬಂದು, ಮನೆಯಲ್ಲಿ ಯಾರ ಮಾತಿಗೂ ಎದುರಾಡದಷ್ಟು ದಣಿದಿರುತ್ತಿದ್ದ. ಸೊಸೆ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ, ಬಿಸಿ ಉರುಳೆಗಳ ನಡುವಿನಿಂದ ಹೊರಬರುವ ಹಾಸಿಗೆ ಬಟ್ಟೆಗಳನ್ನು ಹಿಡಿದು ಮಡಚುವವಳು. ನಾಲ್ಕು ಮಹಡಿಯ ಹಳೆಯ ಕಟ್ಟಡದ ಎರಡನೆಯ ಮಹಡಿಯಲ್ಲಿ ಎರಡು ಕೋಣೆಗಳ ಮನೆ. ಆ ಕಟ್ಟಡದಲ್ಲಿ ಅವರ ಮಾತಿನವರೇ ಏಳೆಂಟು ಮನೆ ಇದ್ದುದರಿಂದ ಮೆಟ್ಟಿಲ ಮೇಲೆ ಕುಶಲ ಕೇಳುವವರಿಗೆ ಕೊರತೆಯಿರಲಿಲ್ಲ. ಮೊಮ್ಮಗಳಿಗೆ ಒಂಬತ್ತು ವರ್ಷ. ಹಾಸಿಗೆಯಿಂದ ಎದ್ದ ಗಳಿಗೆಗೆ ಮೊದಲಾದ ಅವಳ ಮಾತು ಮರಳಿ ಹಾಸಿಗೆಗೆ ಬಿದ್ದ ಮೇಲೂ ಸ್ವಲ್ಪ ಹೊತ್ತು ನಡೆಯುತ್ತಿತ್ತು. ತಾತ ಅವಳಿಗೆ ರೇಡಿಯೋ ಎಂದು ಹೆಸರಿಟ್ಟಿದ್ದರು. "ಕಿವಿ ಹಿಂಡಿದ್ರೂ ಇದರ ಸೌಂಡು ಕಮ್ಮಿ ಆಗಲ್ಲ" ಎಂದು ಹಿಂಡಿಯೂ ತೋರಿಸುತ್ತಿದ್ದರು.

ಬೀದಿಯ ತುದಿಯ ಸರ್ಕಾರಿ ಶಾಲೆಯಲ್ಲಿ ಪಾಠವೆಲ್ಲ ಇಂಗ್ಲಿಷಿನಲ್ಲಿ. ಬೇರೆ ಮನೆಮಾತಿನ ಮಕ್ಕಳಿಗಾಗಿ ಶಾಲೆಯವರು ಒಂದು ಏರ್ಪಾಡು ಮಾಡಿದ್ದರು. ದಿನವೂ ಮೂರನೆಯ ಪೀರಿಯಡ್ಡಿನಿಂದ ಊಟದ ಗಂಟೆಯವರೆಗೆ ಅಂಥ ಹದಿಮೂರು ಮಕ್ಕಳನ್ನು ಅವರವರ ತರಗತಿಯಿಂದ ಎಬ್ಬಿಸಿ, ಮೆಟ್ಟಿಲ ಕೆಳಗಿನ ಕೋಣೆಯಲ್ಲಿ ಕೂರಿಸಿ ಇಂಗ್ಲಿಷ್ ಹೇಳಿಕೊಡುತ್ತಿದ್ದರು. ರೇಡಿಯೋ ಅಲ್ಲಿಗೆ ಹೋಗುತ್ತಿದ್ದುದು ತಾತನಿಗೂ ಗೊತ್ತಿತ್ತು. ಟ್ಯೂಷನ್ನಿನಂಥದು ಏನೋ ಇರಬೇಕು ಎಂದುಕೊಂಡಿದ್ದರು.

ಒಂದು ದಿನ ಅವಳನ್ನು ಹಲ್ಲಿನ ಡಾಕ್ಟರ ಬಳಿ ಕರೆದೊಯ್ಯಬೇಕಾಗಿ ಬಂದು ತಾತ ಹೊತ್ತಿಗೆ ಮುಂಚೆಯೇ ಶಾಲೆಗೆ ಹೋದರು. ಜವಾನ ಮೆಟ್ಟಿಲ ಕೆಳಗಿನ ಬಾಗಿಲನ್ನು ತೋರಿಸಿದ. ಬಾಗಿಲ ಗಾಜಿನೊಳಗಿಂದ ಕಂಡದ್ದು ಇಷ್ಟು: ಬಾಗಿದ ಸೂರಿನ ಕೆಳಗೆ ಹದಿಮೂರು ಮಕ್ಕಳು ಸುತ್ತ ಕೂತಿದ್ದಾರೆ, ನಡುವೆ ಒಂದು ರಟ್ಟಿನ ಪೆಟ್ಟಿಗೆ, ಗಿಡ್ಡನೆಯ ಟೀಚರೊಬ್ಬಳು ಅದರೊಳಗಿಂದ ಒಂದು ಚಮಚವನ್ನು ತೆಗೆದು ರೇಡಿಯೋ ಕೈಗೆ ಕೊಡುತ್ತಿದ್ದಾಳೆ, ರೇಡಿಯೋ ಅದನ್ನು ಎತ್ತಿ ಹಿಡಿದು, "ದಿಸ್ ಈಸ್ ಎ ಸ್ಪೂನ್" ಎನ್ನುತ್ತಿದ್ದಾಳೆ. ಪೆಟ್ಟಿಗೆಯಲ್ಲಿ ಕಾಲುಚೀಲ, ಬೀಗ, ಬಾಚಣಿಗೆಗಳೂ ಇದ್ದವು. ಅಷ್ಟರಲ್ಲಿ ಮೇಲಿನ ತರಗತಿಯ ಇಬ್ಬರು ಹುಡುಗರು ಮೆಟ್ಟಿಲಿಳಿದು ಬಂದು, ತಾತನ ಪಕ್ಕದಲ್ಲೇ ಕೈಚಾಚಿ ಬಾಗಿಲಿಗೆ ಎರಡು ಬಡಿದು, "ಸ್ಪೂನ್ ಕ್ಲಾಸ್! ಸ್ಪೂನ್ ಕ್ಲಾಸ್!" ಎಂದು ಕೂಗಿ ಓಡಿಹೋದರು.

ತಾತ ಅವಳನ್ನು ಡಾಕ್ಟರಿಗೆ ತೋರಿಸಿ ಮನೆಗೆ ಕರೆತಂದರು. ಸಂಜೆ ಊಟಕ್ಕೆ ಕುಳಿತಾಗ ಬಾಯಿ ತೆರೆದರು.

"ಹದಿನಾರರ ಮಗ್ಗಿ ಹಿಂದುಮುಂದಾಗಿ ಹೇಳೋ ಮಗು ಇದು. ಇದರ ಕೈಗೆ ಚಮಚ ಕೊಟ್ಟು, ಇದು ಚಮಚ ಅಂತ ಹೇಳಿಸ್ತಾರೆ!"

"ಚಮಚ ಅಂತ ಅವಳಿಗೂ ಗೊತ್ತು ಮಾವ" ಎಂದಳು ಸೊಸೆ, ಬೇಯಿಸಿದ ಬಟಾಣಿಯನ್ನು ಬಡಿಸುತ್ತಾ. "ಅದರ ಬಗ್ಗೆ ಇಂಗ್ಲಿಷಲ್ಲಿ ನಾಲ್ಕು ಮಾತು ಆಡೋಕೆ ಗೊತ್ತಿಲ್ಲ. ಅದನ್ನ ಕಲಿಸ್ತಾರೆ."

"ಚಮಚದ ಬಗ್ಗೆ ನಾಲ್ಕು ಮಾತು ಆಡಿ ಯಾರಮ್ಮ ಉದ್ಧಾರ ಆಗಿದ್ದು?"

"ಲಾಂಡ್ರಿಗೆ ಸೇರಿದಾಗ ನಂಗೆ ಟವೆಲ್ ಅನ್ನೋದು ಒಂದು ಬಿಟ್ಟು ಬೇರೆ ಮಾತು ಬರ್ತಿರಲಿಲ್ಲ. ಟವೆಲ್ಲಿಂದ ಶುರು ಮಾಡಿ ಈಗ ಸೂಪರ್‌ವೈಸರ್ ಜೊತೆ ಜಗಳ ಆಡೋ ಮಟ್ಟಕ್ಕೆ ಬಂದಿದೀನಿ."

"ಗೇಲಿ ಮಾಡ್ತಾರೆ ಹುಡುಗರು. ಸ್ಪೂನ್ ಕ್ಲಾಸ್ ಅಂತಾರೆ. ಈ ಕಿವಿಯಿಂದ ಕೇಳಿದೀನಿ."

"ಗೇಲಿ ಮಾಡೋರು ಮೂಗು ಉದ್ದ ಇದ್ರೂ ಮಾಡ್ತಾರೆ. ಅದಕ್ಕೆ ಮೂಗು ಕೊಯ್ಕೊಳ್ಳೋಕಾಗುತ್ತಾ?"

"ನೋಡಪ್ಪಾ, ನಿನ್ನ ಹೆಂಡತಿ ನಂಗೆ ಮೂಗಿನ ಪಾಠ ಹೇಳ್ತಿದಾಳೆ."

ಮಗ ತಟ್ಟೆಯಿಂದ ತಲೆಯೆತ್ತಿ, "ಇನ್ನೊಂಚೂರು ಬಟಾಣಿ ಹಾಕು" ಎಂದ. ಅದು ಯಾರ ಕಡೆಯ ಮಾತೆಂದು ಯಾರಿಗೂ ತಿಳಿಯಲಿಲ್ಲ.

ರೇಡಿಯೋ ಒಬ್ಬರ ಮುಖದಿಂದ ಇನ್ನೊಬ್ಬರ ಮುಖಕ್ಕೆ ನೋಡುತ್ತಿದ್ದಳು. ಒಂದೆರಡು ಬಾರಿ ಬಾಯಿ ತೆರೆದಳು. "ದೊಡ್ಡೋರು ಮಾತಾಡ್ವಾಗ ಮಧ್ಯ ಬಾಯಿ ಹಾಕ್ಬಾರ್ದು" ಎಂದರು ತಾತ. ಅವಳು ಬಟಾಣಿಯನ್ನು ಒಂದೊಂದಾಗಿ ತಿಂದಳು.

ಮರುದಿನ ಬೆಳಿಗ್ಗೆ ತಾತ ಕಿಟಕಿಯ ಪಕ್ಕಕ್ಕೆ ಮೇಜನ್ನೆಳೆದು ಬರೆಯಲು ಕುಳಿತರು. ಈ ಊರಿಗೆ ಬಂದ ಮೇಲೆ ಬರೆದ ಮೊದಲ ಅರ್ಜಿ ಅದು. ಕಾಗದ, ಪೆನ್ನು, ಅಡಿಕೋಲು, ಪಿನ್ನು ಎಲ್ಲವನ್ನೂ ಹಳೆಯ ಕ್ರಮದಲ್ಲಿ ಜೋಡಿಸಿಕೊಂಡರು. ಬಲಗಡೆಯ ಮೂಲೆಯಲ್ಲಿರಬೇಕಾದ ತಗಡಿನ ಡಬ್ಬಿ ಮಾತ್ರ ಇರಲಿಲ್ಲ. ಹೆಬ್ಬೆಟ್ಟು ಒತ್ತುವವರು ಈಗ ಯಾರೂ ಇಲ್ಲವೆಂಬುದು ಬೇರೆ ಮಾತು. ಡಬ್ಬಿಯಿಲ್ಲದ ಮೇಜು ಅವರಿಗೆ ಕೈಬೆರಳು ಕಡಿಮೆಯಾದ ಕೈಯಂತೆ ಕಂಡಿತು.

"ನನ್ನ ಶಾಯಿ ಡಬ್ಬಿ ಎಲ್ಲಮ್ಮ?"

"ನಾನು ಮುಟ್ಟಿಲ್ಲ ಮಾವ."

"ಹೋದ ವಾರ ಕಪಾಟು ಗುಡಿಸಿದ್ದು ಯಾರು? ತುಕ್ಕು ಹಿಡಿದ ಡಬ್ಬಿ ಅಂತ ಕಸಕ್ಕೆ ಹಾಕಿರ್ತೀಯ. ನನ್ನ ಸಾಮಾನು ಅಂದ್ರೆ ಈ ಮನೇಲಿ ಕಸ ತಾನೆ?"

ಸೊಸೆ ಕೈಯಲ್ಲಿದ್ದ ಪೊರಕೆಯನ್ನು ಗೋಡೆಗೊರಗಿಸಿದಳು. "ಹದಿನೆರಡು ವರ್ಷದಲ್ಲಿ ನಿಮ್ಮ ಒಂದು ಗುಂಡುಪಿನ್ನು ಕಳೆದಿದೀನಾ ಹೇಳಿ" ಎಂದು ಕೇಳಿ, ಉತ್ತರಕ್ಕೆ ಕಾಯದೆ ಕೆಲಸಕ್ಕೆ ಹೊರಟುಹೋದಳು. ಶಾಲೆಯ ಚೀಲ ಹೆಗಲಿಗೇರಿಸಿ ಬಾಗಿಲಲ್ಲಿ ನಿಂತಿದ್ದ ರೇಡಿಯೋ ಅಮ್ಮನ ಬೆನ್ನನ್ನೂ ತಾತನ ಮೇಜನ್ನೂ ನೋಡಿ ಏನನ್ನೋ ನುಂಗಿಕೊಂಡಳು.

ಆದರೂ ಅರ್ಜಿ ಅದ್ಭುತವಾಗಿ ಬಂತು. ಮಕ್ಕಳನ್ನು ಆ ಕೋಣೆಗೆ ಕಳಿಸುವುದೂ ಬಿಡುವುದೂ ತಂದೆತಾಯಿಯ ಇಷ್ಟವೆಂದು, ಸೇರಿಸುವಾಗ ಶಾಲೆಯವರು ಕೊಟ್ಟಿದ್ದ ಕಾಗದದಲ್ಲೇ ಇತ್ತು. ತಾತ ಅದನ್ನು ಎರಡನೆಯ ಪ್ಯಾರಾದಲ್ಲಿ ಶಾಲೆಯವರಿಗೇ ನೆನಪಿಸಿದರು. ಮೂರನೆಯದರಲ್ಲಿ ಬರೆದರು: ಈಜು ಕಲಿಯಬೇಕಾದ ಮಗುವನ್ನು ದಡದ ಮೇಲೆ ಕೂರಿಸಿ ನೀರಿನ ಚಿತ್ರ ತೋರಿಸುವವರು, ಆ ಮಗುವಿಗೆ ಈಜನ್ನಲ್ಲ, ನೀರಿನ ಭಯವನ್ನು ಕಲಿಸುತ್ತಾರೆ. ಸಂಜೆ ಇದನ್ನು ಮನೆಮಾತಿನಲ್ಲಿ ಬಿಡಿಸಿ ಹೇಳಿದಾಗ ಮಗನ ಕಣ್ಣು ಕೂಡ ಅರಳಿತು. "ಅಪ್ಪ ಬರೆದಮೇಲೆ ಮುಗೀತು" ಎಂದು ನಿಂತಲ್ಲೇ ಸಹಿ ಹಾಕಿದ.

"ಈಜು ಬರದೋಳನ್ನ ನಡುನೀರಿಗೆ ಹಾಕಿದ್ರೆ ಏನಾಗುತ್ತೆ ಅಂತಾನೂ ಬರೀಬೇಕಿತ್ತು" ಎಂದಳು ಸೊಸೆ ಒಳಗಿನಿಂದ.

"ಉಪಮೆಗೆ ಉಪಮೆ ಹಾಕಿದ್ರೆ ಅರ್ಜಿ ಕೆಡುತ್ತೆ" ಎಂದರು ತಾತ.

ನಾಲ್ಕೇ ದಿನದಲ್ಲಿ ಮುಖ್ಯೋಪಾಧ್ಯಾಯಿನಿಯ ಉತ್ತರ ಬಂತು. ಅರ್ಜಿಯನ್ನು ಒಪ್ಪಿದ್ದಾರೆ, ಅಷ್ಟೇ ಅಲ್ಲ, ಇಷ್ಟು ಸೊಗಸಾದ ಇಂಗ್ಲಿಷ್ ಬಲ್ಲವರು ಮನೆಯಲ್ಲಿರುವಾಗ ಮಗುವಿಗೆ ಶಾಲೆಯ ಆಸರೆ ಬೇಕಾಗಲಾರದೆಂದು ತಮಗೂ ಅನ್ನಿಸುತ್ತದೆ ಎಂದು ಬರೆದಿದ್ದರು. ತಾತ ಆ ಸಾಲನ್ನು ಮೂರು ಸಲ ಓದಿದರು. ಕಾಗದ ಕಟ್ಟಡದ ಮೆಟ್ಟಿಲ ಮೇಲೆ ಎರಡು ಮಹಡಿ ಇಳಿಯಿತು, ಎರಡು ಮಹಡಿ ಹತ್ತಿತು.

ಮೊದಲು ಬಂದವನು ಕೆಳಗಿನ ಬಸ್ ಡ್ರೈವರು. "ನಮ್ಮ ಮಗಳನ್ನೂ ಆ ಚಮಚದಿಂದ ಬಿಡಿಸಿ ತಾತ." ಆಮೇಲೆ ಗೇಟಿನ ಕಾವಲುಗಾರ. ಅವನ ಹಿಂದೆ ನಾಲ್ಕನೆಯ ಮಹಡಿಯ ಹೊಲಿಗೆಯವಳು. ಗಂಡನಿಲ್ಲದೆ ಮಗಳನ್ನು ಸಾಕುತ್ತಿದ್ದ ಅವಳು ಕುತ್ತಿಗೆಗೆ ಅಳತೆ ಟೇಪನ್ನು ಹಾಕಿಕೊಂಡೇ ಬಂದು ಬಾಗಿಲಲ್ಲಿ ನಿಂತು, "ನಾನು ಓದಿದೋಳಲ್ಲ ತಾತ. ಆ ಕ್ಲಾಸು ಒಳ್ಳೇದೋ ಕೆಟ್ಟದೋ ನಂಗೆ ಗೊತ್ತಿಲ್ಲ. ನೀವೇ ಹೇಳ್ಬೇಕು" ಎಂದಳು.

"ಕೂತ್ಕೊಳ್ಳಮ್ಮ" ಎಂದರು ತಾತ. ಹೇಳಿದರು. ಈಜಿನ ಮಾತನ್ನು ಅವಳಿಗಾಗಿ ಇನ್ನಷ್ಟು ಹಿಗ್ಗಿಸಿ ಹೇಳಿದರು. ಅವಳು ಕಣ್ಣೊರೆಸಿಕೊಂಡು, "ಇಷ್ಟು ದಿನ ಯಾರೂ ಇದನ್ನ ನಂಗೆ ಹೇಳಿರ್ಲಿಲ್ಲ" ಎಂದಳು. ಅವಳ ಅರ್ಜಿಗೆ ಒಂದು ನಕಲನ್ನೂ ಬರೆದುಕೊಟ್ಟರು, ಇಟ್ಟುಕೊಳ್ಳಲಿ ಎಂದು. ಆ ವಾರ ತಾತ ನೆಟ್ಟಗೆ ನಡೆದರು. ಶರ್ಟಿನ ಜೇಬಿಗೆ ಮತ್ತೆ ಎರಡು ಪೆನ್ನು ಬಂದವು. ಸೊಸೆ ಮಾತ್ರ ಚಹಾ ಲೋಟವನ್ನು ಅವರ ಮೇಜಿನ ಮೇಲಿಡುವಾಗ ಮೊದಲಿಗಿಂತ ತುಸು ಜೋರಾಗಿ ಇಡುತ್ತಿದ್ದಳು.

ರೇಡಿಯೋ ನಿಂತುಹೋದದ್ದು ಒಂದೇ ದಿನದಲ್ಲಲ್ಲ. ಮೊದಲು ಶಾಲೆಯ ಸುದ್ದಿ ನಿಂತಿತು. ಹಿಂದೆಲ್ಲ ಚಪ್ಪಲಿ ಕಳಚುವ ಮೊದಲೇ, ಯಾರು ಬೀಗ ತಂದಿದ್ದರು, ಯಾರು ಅಜ್ಜಿಯ ಕನ್ನಡಕ ತಂದಿದ್ದರು ಎಂದು ವರದಿ ಒಪ್ಪಿಸುತ್ತಿದ್ದವಳು ಈಗ ಚೀಲವಿಳಿಸಿ ಕೈತೊಳೆಯಲು ಹೋಗುತ್ತಿದ್ದಳು. ಎರಡನೆಯ ವಾರದಲ್ಲಿ ಊಟದ ಡಬ್ಬಿ ಅರ್ಧ ತುಂಬಿ ಬರತೊಡಗಿತು. ಮೂರನೆಯ ವಾರದಲ್ಲಿ ಬೆಳಿಗ್ಗೆ ಹೊಟ್ಟೆನೋವು.

"ಶಾಲೇಲಿ ಏನಾಯ್ತು ಇವತ್ತು?" ಎಂದು ತಾತ ಕೇಳುತ್ತಿದ್ದರು.

"ಪಾಠ ಆಯ್ತು."

"ಏನು ಪಾಠ?"

"ಬೋರ್ಡಲ್ಲಿ ಇದ್ದದ್ದು."

"ಹೊಸ ಗಾಳಿ, ಹೊಸ ನೀರು. ಹೊಂದಿಕೊಳ್ತಾಳೆ" ಎಂದರು ತಾತ ಸೊಸೆಗೆ.

ಒಂದು ಮಧ್ಯಾಹ್ನ, ರೇಡಿಯೋ ಮನೆಯಲ್ಲೇ ಬಿಟ್ಟುಹೋಗಿದ್ದ ನೋಟ್‌ಬುಕ್ಕನ್ನು ತಾತ ತೆಗೆದು ನೋಡಿದರು. ಅಕ್ಷರ ಮುತ್ತು ಪೋಣಿಸಿದಂತಿತ್ತು. ಒಂದು ಕಾಟಿಲ್ಲ, ಒಂದು ತಿದ್ದಿಲ್ಲ. ಬೇರೆ ಯಾರೇ ಆಗಿದ್ದರೂ ಸಂತೋಷಪಡುತ್ತಿದ್ದರು. ಆದರೆ ಕಚೇರಿಯಂಗಳದಲ್ಲಿ ಮುಪ್ಪಾದ ತಾತನಿಗೆ ಅಂಥ ಬರವಣಿಗೆ ಹೊಸದಲ್ಲ. ಅರ್ಥ ತಿಳಿದು ಬರೆಯುವ ಕೈ ಎಲ್ಲಾದರೊಂದು ಕಡೆ ಅನುಮಾನಿಸುತ್ತದೆ, ಹೊಡೆದುಹಾಕುತ್ತದೆ, ಮೇಲೊಂದು ಪದವನ್ನು ಸೇರಿಸುತ್ತದೆ. ಅರ್ಥವಾಗದೆ ನಕಲು ಮಾಡುವ ಕೈಗೆ ಮಾತ್ರ ಇಂಥ ನಿರ್ಮಲ ಪುಟ ಬರುತ್ತದೆ. ಒಂದು ಕಡೆ ಬೋರ್ಡಿನ ಮೂಲೆಯಲ್ಲಿದ್ದ, ಒರೆಸಬೇಡಿ ಎಂಬ ಸೂಚನೆಯನ್ನೂ ಅವಳು ಪಾಠದ ನಡುವೆ ಅಷ್ಟೇ ಮುದ್ದಾಗಿ ಇಳಿಸಿಕೊಂಡಿದ್ದಳು.

ತಾತ ನೋಟ್‌ಬುಕ್ಕನ್ನು ಇದ್ದಲ್ಲೇ ಇಟ್ಟರು. ಅದೇ ಸಂಜೆ ತರಗತಿಯ ಟೀಚರಿಂದ ಚೀಟಿ ಬಂತು: ಮಗು ತರಗತಿಯಲ್ಲಿ ಬಾಯಿ ಬಿಡುವುದಿಲ್ಲ, ವರ್ಷದ ಕೊನೆಗೆ ಒಂದು ತರಗತಿ ಕೆಳಗೆ ಕೂರಿಸುವುದನ್ನು ಯೋಚಿಸಬೇಕಾಗಬಹುದು.

ಮಗ ಚೀಟಿಯನ್ನು ತಿರುಗಿಸಿ ತಿರುಗಿಸಿ ನೋಡಿ, "ಮತ್ತೆ ಆ ಕೋಣೆಗೇ ಹಾಕೋಣ. ಅಪ್ಪ, ಇನ್ನೊಂದು ಅರ್ಜಿ ಬರೀರಿ, ಅದಕ್ಕೇನಂತೆ" ಎಂದ.

"ಕೋಣೆ ಎಲ್ಲಿದೆ?" ಎಂದಳು ಸೊಸೆ.

ತಾತ ತಲೆಯೆತ್ತಿದರು.

"ಮುಚ್ಚಿದಾರೆ. ನಮ್ಮ ಲಾಂಡ್ರಿಯವಳ ಮಗನೂ ಅಲ್ಲೇ ಹೋಗ್ತಿದ್ದ, ಅವಳು ಇವತ್ತು ಹೇಳಿದ್ಲು. ಕಡೇ ಪಕ್ಷ ಹನ್ನೆರಡು ಮಕ್ಕಳಿದ್ರೆ ಮಾತ್ರ ಸರ್ಕಾರದಿಂದ ಬೇರೆ ಟೀಚರ್ ಕೊಡ್ತಾರಂತೆ. ಹದಿಮೂರಿತ್ತು. ಈ ಬಿಲ್ಡಿಂಗಿಂದ ನಾಲ್ಕು ಮಕ್ಕಳು ಬಿಟ್ಟವಲ್ಲ, ಒಂಬತ್ತಾಯ್ತು." ಅವಳು ಲೋಟವನ್ನು ಈ ಸಲ ಮೆಲ್ಲಗೆ ಇಟ್ಟಳು. "ಆ ಒಂಬತ್ತು ಮಕ್ಕಳೂ ಈಗ ಬೋರ್ಡು ನೋಡ್ಕೊಂಡು ಕೂತಿವೆ ಮಾವ."

ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುವುದಿಲ್ಲವೆಂಬ ಗಾದೆಯನ್ನು ಅವಳು ಆಡಲಿಲ್ಲ. ಆಡಬೇಕಾಗಿರಲಿಲ್ಲ.

ಮರುದಿನ ಸೊಸೆ ಅರ್ಧ ದಿನ ರಜೆ ಹಾಕಿದಳು. ತಾತ, ಸೊಸೆ ಇಬ್ಬರೂ ಶಾಲೆಗೆ ಹೋದರು. ದಾರಿಯುದ್ದಕ್ಕೂ ತಾತ ಮುಖ್ಯೋಪಾಧ್ಯಾಯಿನಿಗೆ ಹೇಳಬೇಕಾದ ಮಾತುಗಳನ್ನು ಮನಸ್ಸಿನಲ್ಲಿ ಮೂರು ಪ್ಯಾರಾಗಳಾಗಿ ಜೋಡಿಸುತ್ತಾ ನಡೆದರು. ಒಳಗೆ ಹೋಗಿ ಕುರ್ಚಿಯ ಮೇಲೆ ಕುಳಿತಾಗ, ಬಿಳಿಗೂದಲಿನ ಆ ಹೆಂಗಸು ನಗುತ್ತಾ, ಆ ಪತ್ರ ಬರೆದವರು ನೀವೇನಾ ಎಂದು ಇಂಗ್ಲಿಷಿನಲ್ಲಿ ಕೇಳಿದಳು. ತಾತ ಎದ್ದು ನಿಂತರು. "ಯೆಸ್" ಎಂದರು. ಪ್ಯಾರಾಗಳೆಲ್ಲ ಎಲ್ಲಿಯೋ ಗಂಟಲ ಕೆಳಗೆ ಸಾಲಾಗಿ ನಿಂತಿದ್ದವು. ಬೆರಳುಗಳು ತೊಡೆಯ ಮೇಲೆ ತಾವಾಗಿ ಅಲುಗಿದವು.

ಮಾತನಾಡಿದವಳು ಸೊಸೆ. ಕ್ರಿಯಾಪದ ಒಂದು ಕಡೆ, ಕಾಲ ಇನ್ನೊಂದು ಕಡೆ. ಟವೆಲ್ಲಿನಿಂದ ಮೊದಲಾದ ಇಂಗ್ಲಿಷ್ ಅದು. ತಾತನ ಕಿವಿ ಪ್ರತಿ ವಾಕ್ಯಕ್ಕೂ ನಾಲ್ಕು ತಪ್ಪುಗಳನ್ನು ಹಿಡಿಯಿತು. ಮುಖ್ಯೋಪಾಧ್ಯಾಯಿನಿಗೆ ಒಂದು ವಾಕ್ಯವೂ ಅರ್ಥವಾಗದೆ ಉಳಿಯಲಿಲ್ಲ. ಅವಳು ಪಟ್ಟಿಯನ್ನು ತೆರೆದು, ಕ್ಯಾಲೆಂಡರನ್ನು ತೋರಿಸಿ, ಬೆರಳು ಮಡಚಿ ಹೇಳಿದ್ದಿಷ್ಟು: ಈ ತಿಂಗಳ ಕೊನೆಯೊಳಗೆ ಹನ್ನೆರಡು ಮಕ್ಕಳ ತಂದೆತಾಯಿಯ ಸಹಿ ಬಂದರೆ ಕೋಣೆಯನ್ನು ಮತ್ತೆ ತೆರೆಯಬಹುದು. ಇಲ್ಲವಾದರೆ ಆ ಟೀಚರನ್ನು ಬೇರೆ ಶಾಲೆಗೆ ಹಾಕುತ್ತಾರೆ. ಆಮೇಲೆ ತನ್ನ ಕೈಯಲ್ಲಿ ಏನೂ ಇಲ್ಲ.

ಹೊರಬಂದಾಗ ಮೆಟ್ಟಿಲ ಕೆಳಗಿನ ಬಾಗಿಲು ತೆರೆದಿತ್ತು. ಗಿಡ್ಡನೆಯ ಟೀಚರು ರಟ್ಟಿನ ಪೆಟ್ಟಿಗೆಯಿಂದ ಒಂದೊಂದೇ ಸಾಮಾನನ್ನು ತೆಗೆದು, ಯಾರದೆಂದು ನೋಡಿ, ಬೇರೆಬೇರೆ ಚೀಲಗಳಲ್ಲಿ ಹಾಕುತ್ತಿದ್ದಳು. ಮಕ್ಕಳು ಮನೆಯಿಂದ ತಂದವು, ಮರಳಿಸಬೇಕಲ್ಲ. ಸೊಸೆ ತಾನು ಯಾರ ತಾಯಿಯೆಂದು ಹೇಳಿದೊಡನೆ ಟೀಚರ ಮುಖ ಅರಳಿತು. ಪೆಟ್ಟಿಗೆಯ ತಳಕ್ಕೆ ಕೈಹಾಕಿ, ದಾರದಲ್ಲಿ ಒಂದು ರಟ್ಟಿನ ಚೀಟಿ ಕಟ್ಟಿದ್ದ ತಗಡಿನ ಡಬ್ಬಿಯನ್ನು ತೆಗೆದು ಕೊಟ್ಟಳು.

ತಾತ ಅದನ್ನು ಎರಡು ಕೈಯಲ್ಲಿ ಹಿಡಿದರು. ಮುಚ್ಚಳದ ತುಕ್ಕು ಹಾಗೆಯೇ ಇತ್ತು. ಚೀಟಿಯಲ್ಲಿ ರೇಡಿಯೋ ಇಂಗ್ಲಿಷಿನಲ್ಲಿ ಬರೆದಿದ್ದಳು. ಮೂರು ಕಾಟು, ಎರಡು ತಿದ್ದು, ಮೇಲೆ ಸೇರಿಸಿದ ಒಂದು ಪದ. ಇದು ನನ್ನ ತಾತನದು. ಬರೆಯಲು ಬಾರದವರು ಇದರಲ್ಲಿ ಹೆಬ್ಬೆರಳು ಇಡುತ್ತಾರೆ. ಅವರಿಗಾಗಿ ನನ್ನ ತಾತ ಬರೆಯುತ್ತಾರೆ. ಆಮೇಲೆ ಅವರಿಗೆ ಭಯ ಇಲ್ಲ.

ಟೀಚರು ಏನೋ ಹೇಳಿದಳು. ಸೊಸೆ ತಿರುಗಿ ತಾತನಿಗೆ ಹೇಳಿದಳು: "ನಮ್ಮ ರೇಡಿಯೋ ಇದರ ಬಗ್ಗೆ ಹತ್ತು ನಿಮಿಷ ಮಾತಾಡಿದ್ಲಂತೆ. ಎಲ್ಲ ಮಕ್ಕಳ ಹೆಬ್ಬೆರಳೂ ನೀಲಿ ಮಾಡಿಬಿಟ್ಟಳಂತೆ."

ಬೀದಿಗೆ ಬಂದ ಮೇಲೆ ತಾತ, "ಡಬ್ಬಿ ನೀನು ಕಳೆದೆ ಅಂದುಬಿಟ್ಟೆ" ಎಂದರು.

"ಅದು ಬಿಡಿ ಮಾವ." ಸ್ವಲ್ಪ ದೂರ ನಡೆದು ಅವಳು ನಿಂತಳು. "ಮೂವತ್ತೆಂಟು ವರ್ಷ, ಬಂದೋರನ್ನೆಲ್ಲ 'ಮೊದಲಿಂದ ಹೇಳಿ' ಅಂತ ಕೇಳಿದ್ರಂತೆ. ಮೊಮ್ಮಗಳನ್ನ ಒಂದು ಸಲ ಕೇಳಿದ್ರಾ?"

ತಾತ ಡಬ್ಬಿಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿಕೊಂಡರು.

ಸಹಿ ಸಂಗ್ರಹದ ಕಾಗದವನ್ನು ತಾತನೇ ಬರೆದರು. ಅದರಲ್ಲಿ ಉಪಮೆಯಿರಲಿಲ್ಲ, ಎರಡೇ ಸಾಲು. ಮೊದಲಿನ ಒಂಬತ್ತು ಮನೆಗಳನ್ನು ಸೊಸೆ ಕೆಲಸದಿಂದ ಬರುವ ದಾರಿಯಲ್ಲಿ ಒಂದೊಂದಾಗಿ ಹುಡುಕಿ ಸಹಿ ತಂದಳು. ಹತ್ತನೆಯದು ಮಗ ಹಾಕಿದ, ಈ ಬಾರಿ ಕುಳಿತು, ಓದಿ. ಬಸ್ ಡ್ರೈವರು ತಲೆ ಕೆರೆದುಕೊಂಡು, "ಬಿಡು ಅಂದೋರೂ ನೀವೇ, ಹಿಡಿ ಅನ್ನೋರೂ ನೀವೇ. ಬಸ್ಸಾಗಿದ್ರೆ ಪ್ರಯಾಣಿಕರು ಹೊಡೀತಿದ್ರು ತಾತ" ಎಂದು ನಕ್ಕು ಹನ್ನೊಂದನೆಯದನ್ನು ಹಾಕಿದ. ಕಾವಲುಗಾರ ಕೆಲಸ ಬಿಟ್ಟು, ಸಂಸಾರ ಸಮೇತ ಬೇರೆ ಊರಿಗೆ ಹೊರಟುಹೋಗಿದ್ದ. ಉಳಿದದ್ದು ಒಂದು ಸಹಿ, ಒಂದು ಮನೆ.

ತಿಂಗಳ ಕೊನೆಗೆ ಎರಡು ದಿನವಿರುವಾಗ ತಾತ ನಾಲ್ಕನೆಯ ಮಹಡಿ ಹತ್ತಿದರು. ಪ್ರತಿ ಮಹಡಿಗೂ ನಿಂತು ಉಸಿರು ತೆಗೆದುಕೊಂಡರು. ಹೊಲಿಗೆಯವಳು ಯಂತ್ರ ನಿಲ್ಲಿಸಿ ಎದ್ದು, ಕುರ್ಚಿಯ ಮೇಲಿದ್ದ ಅರೆಹೊಲಿದ ಶಾಲಾ ಯೂನಿಫಾರಮ್ಮುಗಳನ್ನು ಸರಿಸಿ, "ನೀವ್ಯಾಕೆ ಹತ್ತಿ ಬಂದ್ರಿ ತಾತ, ಹೇಳಿಕಳಿಸಿದ್ರೆ ನಾನೇ ಬರ್ತಿದ್ದೆ" ಎಂದಳು. ನೆಲದ ಮೇಲೆ ಅವಳ ಮಗಳು ಗುಂಡಿಗಳನ್ನು ಬಣ್ಣಬಣ್ಣವಾಗಿ ಆರಿಸುತ್ತಿದ್ದಳು. ರೇಡಿಯೋಗಿಂತ ಎರಡು ವರ್ಷ ದೊಡ್ಡವಳು.

ತಾತ ವಿಷಯ ಹೇಳಿ ಕಾಗದವನ್ನು ಮುಂದಿಟ್ಟರು. ಹೊಲಿಗೆಯವಳು ಅದನ್ನು ಮುಟ್ಟಲಿಲ್ಲ. ಯಂತ್ರದ ಮೇಜಿನ ಡ್ರಾಯರನ್ನು ಎಳೆದು, ಪ್ಲಾಸ್ಟಿಕ್ ಹೊದಿಕೆಯಲ್ಲಿ ಮಡಚದೆ ಇಟ್ಟಿದ್ದ ಒಂದು ಹಾಳೆಯನ್ನು ತೆಗೆದು ತಾತನ ಕಾಗದದ ಪಕ್ಕದಲ್ಲಿಟ್ಟಳು. ತಾತನದೇ ಅಕ್ಷರ.

"ದಡದ ಮೇಲೆ ಕೂರಿಸಿದ್ರೆ ನೀರಿನ ಭಯ ಕಲೀತಾರೆ ಅಂತ ನೀವೇ ಅಲ್ವಾ ತಾತ ಬರೆದದ್ದು?"

"ನಾನೇ ಕಣಮ್ಮ. ತಪ್ಪಾಗಿ ಬರೆದೆ."

"ಇಷ್ಟು ಚೆನ್ನಾಗಿರೋದು ತಪ್ಪು ಹೇಗಾಗುತ್ತೆ?" ಅವಳು ನಿಜವಾಗಿಯೂ ಕೇಳಿದಳು, ಮಾತಿನಲ್ಲಿ ವ್ಯಂಗ್ಯವಿರಲಿಲ್ಲ. "ಅವತ್ತು ನೀವು ಹೇಳಿದ್ಮೇಲೆ ನಂಗೆ ಎದೆ ಮೇಲಿಂದ ಕಲ್ಲು ಇಳಿದ ಹಾಗಾಯ್ತು. ನನ್ನ ಮಗಳಿಗೆ ಏನೂ ಕಮ್ಮಿ ಇಲ್ಲ ಅಂತ ಒಬ್ರು ದೊಡ್ಡೋರು ಬರೆದುಕೊಟ್ರಲ್ಲ ಅಂತ. ಗಂಡ ಬಿಟ್ಟು ಹೋದಾಗಿನಿಂದ ಯಾರು ನಂಗೆ ಹಾಗೆ ಹೇಳಿದ್ದಾರೆ? ದಿನಾ ಸಂಜೆ ಇದನ್ನ ಅವಳ ಕೈಲಿ ಓದಿಸ್ತೀನಿ."

"ಈಗ ನನ್ನ ಯಾರೂ ಸ್ಪೂನ್ ಅನ್ನಲ್ಲ ತಾತ" ಎಂದಳು ಹುಡುಗಿ ನೆಲದ ಮೇಲಿಂದ, ಹೆಮ್ಮೆಯಿಂದ.

"ನಿನ್ನ ನೋಟ್‌ಬುಕ್ ಕೊಡು ಮಗಾ, ನೋಡೋಣ" ಎಂದರು ತಾತ. ಹುಡುಗಿ ಓಡಿಹೋಗಿ ತಂದಳು. ಪುಟದಿಂದ ಪುಟಕ್ಕೆ ಮುತ್ತು ಪೋಣಿಸಿದಂಥ ಅಕ್ಷರ. ಒಂದು ಕಾಟಿಲ್ಲ, ಒಂದು ತಿದ್ದಿಲ್ಲ.

"ಎಷ್ಟು ಚೆಂದ ಅಲ್ವಾ?" ಎಂದಳು ತಾಯಿ.

ತಾತ ಬಾಯಿ ತೆರೆದರು. ಈ ಪುಟದಲ್ಲಿ ಕಾಣುವುದೇನೆಂದು ಹೇಳಬಹುದಿತ್ತು. ಹೇಳಿದರು ಕೂಡ, ಆದಷ್ಟು ಮೆಲ್ಲಗೆ ಹೇಳಿದರು, ಇದು ಕಲಿತ ಕೈಯಲ್ಲ, ನಕಲು ಮಾಡಿದ ಕೈ ಎಂದು. ಹುಡುಗಿಯ ಮುಖದ ಮೇಲಿನ ನಗು ಅಲ್ಲೇ ನಿಂತಿತು. ಹೊಲಿಗೆಯವಳು ನೋಟ್‌ಬುಕ್ಕನ್ನು ತಾತನ ಕೈಯಿಂದ ತೆಗೆದುಕೊಂಡು ಮುಚ್ಚಿದಳು.

"ಬೇಜಾರು ಮಾಡ್ಕೋಬೇಡಿ ತಾತ. ಅವತ್ತಿನ ನಿಮ್ಮ ಮಾತೇ ನಂಗೆ ಇರಲಿ. ಚಹಾ ಕುಡ್ಕೊಂಡು ಹೋಗಿ."

ತಾತ ಚಹಾ ಕುಡಿದರು. ಕುಡಿಯದೆ ಎದ್ದು ಬರಲು ಮುಖವಿರಲಿಲ್ಲ. ತಮ್ಮ ಬದುಕಿನಲ್ಲಿ ಮೊದಲ ಬಾರಿಗೆ ಅವರ ಅರ್ಜಿಯೊಂದು ತಿರಸ್ಕೃತವಾಗಿತ್ತು. ತಿರಸ್ಕರಿಸಿದ್ದು ಅವರದೇ ಇನ್ನೊಂದು ಅರ್ಜಿ. ಹನ್ನೊಂದು ಸಹಿಗಳ ಕಾಗದವನ್ನು ಜೇಬಿನಲ್ಲಿ ಎರಡು ಪೆನ್ನುಗಳ ಹಿಂದೆ ಮಡಚಿಟ್ಟುಕೊಂಡು ಮೆಟ್ಟಿಲಿಳಿದರು.

ಮನೆಯಲ್ಲಿ ರೇಡಿಯೋ ಅಡುಗೆಮನೆಯ ಮೇಜಿನ ಮುಂದೆ ಬಟಾಣಿ ಬಿಡಿಸುತ್ತಿದ್ದಳು. ಸೊಸೆ ತಾತನ ಮುಖ ನೋಡಿದಳು. ಮತ್ತೆ ಒಲೆಯ ಕಡೆ ತಿರುಗಿದಳು.

"ಸಹಿ ಹಾಕಿದ್ರಾ ತಾತ?" ಎಂದಳು ರೇಡಿಯೋ.

"ಇಲ್ಲ ಮಗು."

"ಯಾಕೆ?"

"ಮೊದಲನೇದು ತುಂಬ ಚೆನ್ನಾಗಿ ಬರೆದುಬಿಟ್ಟಿದ್ದೆ."

ಅವಳಿಗೆ ಅರ್ಥವಾಗಲಿಲ್ಲ. ಕೇಳಲೂ ಇಲ್ಲ. ಮೊದಲಾಗಿದ್ದರೆ ಹತ್ತು ಕೇಳುತ್ತಿದ್ದಳು. ತಾತ ಕಪಾಟಿನಿಂದ ತಗಡಿನ ಡಬ್ಬಿಯನ್ನು ತಂದು ಅವಳ ಮುಂದಿಟ್ಟು, ಎದುರಿನ ಕುರ್ಚಿಯನ್ನೆಳೆದು ಕುಳಿತು, ಕನ್ನಡಕವನ್ನು ಮೂಗಿನ ತುದಿಗಿಳಿಸಿದರು.

"ಇದರ ಬಗ್ಗೆ ಅಲ್ಲಿ ಹೇಳಿದ್ಯಂತಲ್ಲ. ನಂಗೂ ಹೇಳು. ಮೊದಲಿಂದ ಹೇಳು."

"ಇಂಗ್ಲಿಷಲ್ಲಾ?"

"ಇಂಗ್ಲಿಷಲ್ಲೇ."

ರೇಡಿಯೋ ಬಟಾಣಿಯ ಕೈಯನ್ನು ಲಂಗಕ್ಕೊರೆಸಿಕೊಂಡು ಡಬ್ಬಿಯನ್ನು ಎತ್ತಿ ಹಿಡಿದಳು. ಇದು ನನ್ನ ತಾತನದು ಎಂದು ಇಂಗ್ಲಿಷಿನಲ್ಲಿ ಹೇಳಿ ನಿಂತಳು. ತಾತ ಕಾದರು. ಅವಳೂ ಕಾದಳು. ಒಲೆಯ ಮುಂದೆ ಸೊಸೆ ಸೌಟು ಅಲ್ಲಾಡಿಸುವುದನ್ನು ನಿಲ್ಲಿಸಿದ್ದಳು.

"ಹೂಂ, ಮುಂದೆ?"

"ಈಗ ನೀನು ಕೇಳ್ಬೇಕು ತಾತ. ನಾನು ಒಂದು ಹೇಳಿದ್ಮೇಲೆ ಟೀಚರ್ ಇಂಗ್ಲಿಷಲ್ಲಿ ಒಂದು ಕೇಳೋರು. ಅವರು ಕೇಳಿದ್ಮೇಲೆ ನಂಗೆ ಮುಂದಿಂದು ಬರ್ತಿತ್ತು."

ತಾತ ಬಾಯಿ ತೆರೆದರು. ಬೆರಳುಗಳು ಮೇಜಿನ ಮೇಲೆ ಅಲುಗಿದವು. ಮೊಮ್ಮಗಳು ಡಬ್ಬಿಯನ್ನು ಎತ್ತಿ ಹಿಡಿದಂತೆಯೇ, ಅವರ ತುಟಿಯನ್ನೇ ನೋಡುತ್ತಾ, ಬಹಳ ಹೊತ್ತು ಕಾದಳು. ಆಮೇಲೆ ಅದನ್ನು ಮೆಲ್ಲಗೆ ಕೆಳಗಿಟ್ಟು, ಇನ್ನೊಂದು ಬಟಾಣಿ ಕೋಡನ್ನು ಕೈಗೆತ್ತಿಕೊಂಡಳು.